ತಿಯೆನ್-ಫು ಅಜ್ಜನ ಹತ್ತು ನಿಮಿಷ

ಕೆ ತಿಯೆನ್-ಫು ಅಜ್ಜ ನಮ್ಮ ಡಯಾಲಿಸಿಸ್ ಕೇಂದ್ರದ ತೂಕದ ಯಂತ್ರವನ್ನು ಎಂದೂ ನಂಬಿದವರಲ್ಲ. ಬುದೈ ಬಂದರಿನಲ್ಲಿ ನಲವತ್ತು ವರ್ಷ ಕಡಲ ಸಿಂಪಿ ಮಾರಿದ ಮನುಷ್ಯ. ಬುಟ್ಟಿಯಲ್ಲಿ ಮಾಂಸವೆಷ್ಟು, ನೀರೆಷ್ಟು ಎಂದು ಕಣ್ಣಲ್ಲೇ ಅಳೆಯುತ್ತಿದ್ದವರಿಗೆ, ನಾಲ್ಕು ತಾಸಿನಲ್ಲಿ ಮೈಯಿಂದ ಮೂರು ಲೀಟರ್ ನೀರು ತೆಗೆದೆವೆಂದರೆ ಹೇಗೆ ನಂಬಿಕೆ ಬರಬೇಕು?

"ಶು-ಚಿನ್, ಮುನ್ನೂರು ಗ್ರಾಂ ಜಾಸ್ತಿ ಹೀರಿದ್ದೀಯ. ಯಾರಿಗೆ ಮಾರ್ತೀಯ?" ಎಂದು ನನ್ನನ್ನು ಕೇಳುತ್ತಿದ್ದರು.

"ನಿಮ್ಮ ನೀರನ್ನ ಯಾರು ಕೊಳ್ತಾರೆ ಅಜ್ಜ, ಬರೀ ಉಪ್ಪು."

ಡಾಕ್ಟರ ಮೇಲೆ, ಅಳಿಯನ ಮೇಲೆ, ಬಸ್ ನಿಲ್ದಾಣದ ಗಡಿಯಾರದ ಮೇಲೂ ಅವರಿಗೆ ಗುಮಾನಿ. ಹೆಂಡತಿ ಯುವೆ-ಶಿಯಾ ಒಬ್ಬಳು ಮಾತ್ರ ಹೊರತು. ಬೆಳಗಿನ ಗಂಜಿಯ ಜೊತೆ ಅವಳು ಅಂಗೈಗೆ ಹಾಕಿದ ಮಾತ್ರೆಗಳನ್ನು ತುಟಿಪಿಟಿಕ್ಕೆನ್ನದೆ ನುಂಗುತ್ತಿದ್ದರು. ನಾನೂ ಕಮ್ಮಿ ಅನುಮಾನದ ನರ್ಸಲ್ಲ. ರೋಗಿ 'ನೀರೇ ಕುಡೀಲಿಲ್ಲ' ಎಂದರೆ, ನಾನು ಮೊದಲು ಅವನ ಕಾಲಿನ ಬಾವು ಒತ್ತಿ ನೋಡುವವಳು.

ಚಳಿಗಾಲದಲ್ಲಿ ಅಜ್ಜನಿಗೆ ಎದೆನೋವು ಬಂದು ಹೃದಯದ ರಕ್ತನಾಳಕ್ಕೆ ಸ್ಟೆಂಟ್ ಹಾಕಿದರು. ಹೃದಯದ ಡಾಕ್ಟರ್ ಲಿಯಾವ್ ಮುಚ್ಚುಮರೆ ಮಾಡಲಿಲ್ಲ.

"ಡಯಾಲಿಸಿಸ್‌ನವರಿಗೆ ಇದು ಬೇರೆಯವರಷ್ಟು ಬಾಳಿಕೆ ಬರಲ್ಲ. ನಾಳ ಸುಣ್ಣ ಕಟ್ಟಿರುತ್ತೆ, ಮತ್ತೆ ಮುಚ್ಕೊಳ್ಳೋದು ಜಾಸ್ತಿ. ರಕ್ತ ಹೆಪ್ಪುಗಟ್ಟದ ಹಾಗೆ ಕೊಡೋ ಮಾತ್ರೆ ಒಂದು ದಿನವೂ ತಪ್ಪಬಾರದು. ಆದ್ರೆ ಅದರಿಂದ ರಕ್ತ ಸೋರೋದೂ ನಿಮಗೇ ಹೆಚ್ಚು."

ಸೋರಿತು. ಸೂಜಿ ತೆಗೆದು ಹತ್ತಿ ಒತ್ತಿದರೆ ಮೊದಲು ಹತ್ತು ನಿಮಿಷಕ್ಕೆ ನಿಲ್ಲುತ್ತಿದ್ದ ರಕ್ತ ಈಗ ಅರ್ಧ ಗಂಟೆ ಹಿಡಿಯತೊಡಗಿತು. ಒಂದು ದಿನ ಬಸ್ಸಿನಲ್ಲಿ ಅಜ್ಜನ ತೋಳೆಲ್ಲ ತೊಯ್ದು ಯುವೆ-ಶಿಯಾಳ ಮಡಿಲಿಗೆ ತೊಟ್ಟಿಕ್ಕಿತಂತೆ.

"ಒಂದು ಹನಿ ರಕ್ತ ಆಗೋಕೆ ಹತ್ತು ಬಟ್ಟಲು ಅನ್ನ ಬೇಕು. ಇವರು ತಿನ್ನೋದೇ ಅರ್ಧ ಬಟ್ಟಲು," ಎಂದು ಅವಳು ನನ್ನ ಮುಂದೆ ಕಣ್ಣೊರೆಸಿಕೊಂಡಳು. ಮಾತ್ರೆ ನಿಲ್ಲಿಸಿದರೆ ಜೀವಕ್ಕೇ ಅಪಾಯ ಎಂದೆ. ತಲೆಯಾಡಿಸಿದಳು.

ಮುಂದಿನ ತಿಂಗಳು ರಕ್ತ ಹತ್ತೇ ನಿಮಿಷಕ್ಕೆ ನಿಂತಿತು. ಸೋಮವಾರ ನಿಂತಿತು, ಬುಧವಾರ ನಿಂತಿತು, ಶುಕ್ರವಾರವೂ ನಿಂತಿತು. ಜೊತೆಯ ನರ್ಸ್‌ಗಳೆಲ್ಲ ಖುಷಿಪಟ್ಟರು. ನಾನು ಮಾತ್ರ ಅಜ್ಜನ ಹಾಸಿಗೆಯ ಬಳಿ ಹೋಗಿ ಕೂತೆ.

"ಅಜ್ಜ, ಮಾತ್ರೆ ಬಿಟ್ಟಿದ್ದೀರಾ?"

"ಹೆಂಡ್ತಿ ಕೊಟ್ಟದ್ದನ್ನೆಲ್ಲ ನುಂಗ್ತೀನಿ. ಅನುಮಾನ ಪಡೋದು ನನ್ನ ಕಸುಬು ಕಣಮ್ಮಾ, ನೀನ್ಯಾಕೆ ಕಿತ್ಕೋತೀಯ?"

ನಾನು ನಂಬಲಿಲ್ಲ. ಮುದುಕ ನಾಲಿಗೆಯಡಿ ಇಟ್ಟುಕೊಂಡು ಆಮೇಲೆ ಉಗುಳುತ್ತಿರಬೇಕು ಎಂದುಕೊಂಡೆ. ಅವರು ಮಲಗಿದ್ದಾಗ ಕೋಟಿನ ಜೇಬು ಕೂಡ ತಡವಿದೆ, ಹೇಳಲು ನಾಚಿಕೆಯಾಗುತ್ತದೆ. ಲಿಯಾವ್ ಅವರಿಗೆ ತಿಳಿಸಿದೆ. ಗುರುವಾರ ಕರೆತನ್ನಿ ಎಂದರು. ಮಂಗಳವಾರ ಬೆಳಿಗ್ಗೆಯೇ ಅಜ್ಜ ಗಂಜಿಯ ಬಟ್ಟಲ ಮೇಲೆ ಕುಸಿದರು. ಸ್ಟೆಂಟ್ ಮುಚ್ಚಿಹೋಗಿತ್ತು. ಅದರೊಳಗೇ ಇನ್ನೊಂದು ಹಾಕಿ ಉಳಿಸಿಕೊಂಡರು.

ಆಸ್ಪತ್ರೆಯ ಪಡಸಾಲೆಯಲ್ಲಿ ಯುವೆ-ಶಿಯಾ ನನ್ನ ತೋಳು ಹಿಡಿದಳು.

"ಮೊದಲು ಡಯಾಲಿಸಿಸ್ ದಿನ ಮಾತ್ರ ಆ ಒಂದು ಮಾತ್ರೆ ತೆಗ್ದಿಡ್ತಿದ್ದೆ. ರಕ್ತ ಕಮ್ಮಿ ಆಯ್ತು. ಆಮೇಲೆ ದಿನಾ ತೆಗ್ದೆ. ನಾನೇ ಕೊಲ್ತಿದ್ದೆ."

ಅವಳ ಕೈಹಿಡಿದು ಅಜ್ಜನ ಕೋಣೆಗೆ ನಡೆದೆ. ಒಳಗೆ ಹೋದಾಗ ಲಿಯಾವ್ ಅಜ್ಜನನ್ನು ವಿಚಾರಿಸುತ್ತಿದ್ದರು.

"ನಾನೇ ಉಗುಳ್ತಿದ್ದೆ," ಎಂದರು ಅಜ್ಜ. "ಇವಳಿಗೇನೂ ಗೊತ್ತಿಲ್ಲ. ನಾನು ಯಾರನ್ನೂ ನಂಬಲ್ಲ ಅಂತ ಊರಿಗೇ ಗೊತ್ತು."

ಯುವೆ-ಶಿಯಾ ಬಾಯಿ ತೆರೆದಳು. ಅಜ್ಜ ಅವಳ ಮಣಿಕಟ್ಟು ಗಟ್ಟಿಯಾಗಿ ಹಿಡಿದುಕೊಂಡರು. ಲಿಯಾವ್ ಅಜ್ಜನಿಗೆ ಚೆನ್ನಾಗಿ ಬೈದು ಹೋದರು.

ಅವಳು ಬಿಸಿನೀರು ತರಲು ಹೋದಾಗ, "ನಿಮಗೆ ಯಾವಾಗ ಗೊತ್ತಾಯ್ತು?" ಎಂದು ಕೇಳಿದೆ.

"ಮೊದಲ ದಿನವೇ. ಅಂಗೈಲಿ ಒಂದು ಕಮ್ಮಿ ಇತ್ತು."

"ಮತ್ತೆ ಯಾಕೆ ಕೇಳ್ಲಿಲ್ಲ?"

"ಜೀವಮಾನವೆಲ್ಲ ಎಲ್ಲರನ್ನೂ ಕೇಳಿದ್ದೀನಿ, ಶು-ಚಿನ್. ಅವಳೊಬ್ಬಳನ್ನಾದ್ರೂ ಕೇಳದೆ ಇರೋಣ ಅಂತ."

ಎರಡನೆಯ ಸ್ಟೆಂಟ್ ಹನ್ನೊಂದು ತಿಂಗಳು ಬಂತು. ಮಾತ್ರೆ ಒಂದು ದಿನವೂ ತಪ್ಪಿರಲಿಲ್ಲ. ಶವಸಂಸ್ಕಾರದ ದಿನ ಯುವೆ-ಶಿಯಾ ನನ್ನನ್ನು ಪಕ್ಕಕ್ಕೆ ಕರೆದು, "ನಾನು ತೆಗ್ದಿಡೋದು ಅವರಿಗೆ ಮೊದಲೇ ಗೊತ್ತಿತ್ತಾ?" ಎಂದು ಕೇಳಿದಳು.

"ಇಲ್ಲ ಅಜ್ಜಿ," ಎಂದೆ. ಅವಳು ನಂಬಿದಳು.