ಬ್ರಷ್ಷಪ್ಪ ಬಿಲ್ಲು ಮಾರಿದ್ದು

ಬಾಟಲಿಯೊಳಗೆ ಕೈ ಹೋಗುವುದಿಲ್ಲ, ಬ್ರಷ್ಷು ಹೋಗುತ್ತದೆ. ಈ ಒಂದೇ ಸತ್ಯವನ್ನು ನಂಬಿಕೊಂಡು ಬ್ರಷ್ಷಪ್ಪ ಇಪ್ಪತ್ತಾರು ವರ್ಷ ಸಂಸಾರ ನಡೆಸಿದ್ದ. ಅಪ್ಪ ಅಮ್ಮ ಇಟ್ಟ ಹೆಸರು ಬೇರೆ ಇತ್ತು. ಅದೀಗ ಕರೆಂಟು ಬಿಲ್ಲಿನಲ್ಲಿ ಮಾತ್ರ ಬಳಕೆಯಲ್ಲಿತ್ತು. ಎರಡು ತಂತಿಗಳ ನಡುವೆ ನೈಲಾನ್ ಎಳೆ ಹರಡಿ ಹದಿನೆಂಟು ಸುತ್ತು ತಿರುಚಿದರೆ ಒಂದು ಬ್ರಷ್ಷು. ಒಂದು ಸುತ್ತು ಕಡಿಮೆಯಾದರೆ ಎಳೆ ಉದುರುತ್ತದೆ, ಎರಡು ಹೆಚ್ಚಾದರೆ ತಂತಿ ಮುರಿಯುತ್ತದೆ. ಅವನ ತಾಳ್ಮೆಗೂ ಇದೇ ಲೆಕ್ಕ ಎಂದು ಹೆಂಡತಿ ಹೇಳುವುದುಂಟು.

ಮನೆಯ ಹಿಂದಿನ ಕೋಣೆಯಲ್ಲಿದ್ದ ಅವನ ಸ್ವಂತ ಯಂತ್ರ ಗೇಣುದ್ದದ ಬ್ರಷ್ಷಿಗಷ್ಟೇ ಲಾಯಕ್ಕು. ಕಾರ್ಖಾನೆಗಳಿಗೆ ಬೇಕಾದ ಮೊಳದುದ್ದದ ಬ್ರಷ್ಷು ತಿರುಚುವ ಉದ್ದ ಯಂತ್ರ ಇದ್ದದ್ದು ಅವನಿಗೆ ಕೆಲಸ ಕಲಿಸಿದ ಮೇಷ್ಟ್ರ ಶೆಡ್ಡಿನಲ್ಲಿ. ಮೇಷ್ಟ್ರು ತೀರಿಹೋದಮೇಲೂ ಅವರ ಹೆಂಡತಿ, ಬ್ರಷ್ಷಪ್ಪನ ಬಾಯಲ್ಲಿ ‘ಅಕ್ಕ’, ಅವನಿಗೆ ಅಲ್ಲಿ ದುಡಿಯಲು ಬಿಟ್ಟಿದ್ದರು. ಆ ಮಂಗಳವಾರ ಅಕ್ಕನೇ ಮನೆಗೆ ಬಂದು, ಕುರ್ಚಿಯ ತುದಿಯಲ್ಲಿ ಕೂತು ಹೇಳಿದರು.

“ಶೆಡ್ಡಿನ ಬಾಡಿಗೆ ತೊಂಬತ್ತಾರು ಸಾವಿರ ಬಾಕಿ ಬಿದ್ದಿದೆ ಕಣೋ. ಶುಕ್ರವಾರ ಸಂಜೆ ಕಟ್ಟದೇ ಇದ್ರೆ ಮಾಲೀಕ ಬೀಗ ಹಾಕ್ತಾನಂತೆ. ಹಳೇ ಯಂತ್ರದ ವ್ಯಾಪಾರಿ ಅಷ್ಟಕ್ಕೇ ಉದ್ದ ಯಂತ್ರ ಕೇಳಿದಾನೆ. ನೀನು ತಗೊಂಡ್ರೆ ನಿನಗೇ ಕೊಡ್ತೀನಿ. ಆದ್ರೆ ಕೈಮೇಲೆ ದುಡ್ಡು ಬೇಕು.”

ಯಂತ್ರ ಹೋದರೆ ಕಾರ್ಖಾನೆಯ ಆರ್ಡರೂ ಹೋದಂತೆ. ಉಳಿಯುವುದು ಮಕ್ಕಳ ಹಾಲಿನ ಬಾಟಲಿ ಮಾತ್ರ. ಹಾಗಂತ ಬ್ರಷ್ಷಪ್ಪ ಬಡವನೇನಲ್ಲ. ಪಾನೀಯದ ಕಂಪನಿಯೊಂದಕ್ಕೆ ಸರಿಯಾಗಿ ಒಂದು ಲಕ್ಷದ ಬ್ರಷ್ಷು ಕೊಟ್ಟು ಬಿಲ್ಲು ಬರೆದಿದ್ದ. ಕಂಪನಿ ದುಡ್ಡು ಕೊಡುವುದು ತೊಂಬತ್ತು ದಿನಕ್ಕೆ. ಬಿಲ್ಲು ಇತ್ತು, ಬಾಣ ಇರಲಿಲ್ಲ.

ಇಂಥ ಬಿಲ್ಲುಗಳನ್ನು ಕೊಳ್ಳುವ ಫೈನಾನ್ಸಿನವರೂ ಇದ್ದಾರೆಂದು ಹೇಳಿದ್ದು ಹೆಂಡತಿಯ ತಮ್ಮ. ಬುಧವಾರ ಬೆಳಗ್ಗೆ ಬ್ರಷ್ಷಪ್ಪ ಅಲ್ಲಿಗೆ ಹೋದ. ಮೇಜಿನ ಹಿಂದಿದ್ದ ಹುಡುಗಿ ಬಿಲ್ಲನ್ನು ಎರಡು ಸಲ ಓದಿದಳು.

“ನೂರಕ್ಕೆ ಎರಡು ನಮಗೆ. ತೊಂಬತ್ತೆಂಟು ಸಾವಿರ ಇವತ್ತೇ ಹಾಕ್ತೀವಿ. ಆಮೇಲೆ ಕಂಪನಿಯಿಂದ ನಾವೇ ವಸೂಲಿ ಮಾಡ್ಕೊಳ್ತೀವಿ.”

“ಅಷ್ಟೇನಾ?”

“ಅಷ್ಟೇ. ‘ಹೌದು, ಇಷ್ಟು ಕೊಡಬೇಕು’ ಅಂತ ಕಂಪನಿಯವರು ಕಂಪ್ಯೂಟರಲ್ಲಿ ಒಂದು ಗುಂಡಿ ಒತ್ತಬೇಕು. ಒತ್ತಿದ ತಕ್ಷಣ ದುಡ್ಡು.”

ಒಂದು ಗುಂಡಿ ತಾನೇ ಎಂದುಕೊಂಡು ಬ್ರಷ್ಷಪ್ಪ ಅಲ್ಲಿಂದ ನೇರ ಕಂಪನಿಯ ಲೆಕ್ಕದ ವಿಭಾಗಕ್ಕೆ ನಡೆದ. ಗಾಜಿನ ಕಿಟಕಿಯ ಆಚೆ ಲೆಕ್ಕದ ಸಾಹೇಬರು, ಈಚೆ ಇವನು, ನಡುವೆ ಮಾತು ತೂರಲು ಒಂದು ತೂತು. ತೂತು ಎಷ್ಟು ಕೆಳಗಿತ್ತೆಂದರೆ, ಕೇಳುವವನು ಸೊಂಟ ಬಗ್ಗಿಸಿಯೇ ಕೇಳಬೇಕು.

“ದುಡ್ಡು ಬರುತ್ತಲ್ರೀ, ಯಾಕೆ ಒದ್ದಾಡ್ತೀರಿ? ನಮ್ಮ ಕಂಪನಿ ಯಾರಿಗೂ ಮೋಸ ಮಾಡಿಲ್ಲ.”

“ಅದನ್ನೇ ಒಂದು ಗುಂಡಿ ಒತ್ತಿ ಹೇಳಿ ಸಾರ್.”

“ಕೊಡೋದು ನನ್ನ ಕೈಲಿದೆ. ಕೊಡಬೇಕು ಅಂತ ಒಪ್ಕೊಳ್ಳೋದು ನನ್ನ ಕೈಲಿಲ್ಲ. ಅದಕ್ಕೆ ಖರೀದಿ ವಿಭಾಗದ ಸಹಿ ಬೇಕು.”

ಖರೀದಿ ವಿಭಾಗದವರು ಬ್ರಷ್ಷು ಬಂದಿದೆಯೆಂದು ಗೋದಾಮು ಬರೆದುಕೊಡಲಿ ಎಂದರು. ಗೋದಾಮಿನವನು ಬ್ರಷ್ಷು ಬಂದು, ಬಳಸಿ, ಅರ್ಧ ಸವೆದೂ ಹೋಗಿವೆ, ಈಗ ಬಂದಿವೆ ಅಂತ ಹೇಗೆ ಬರೆಯಲಿ ಎಂದ. ಗುರುವಾರ ಇಡೀ ದಿನ ಬ್ರಷ್ಷಪ್ಪ ಮೂರು ಕಟ್ಟಡಗಳ ನಡುವೆ ತಿರುಗಿದ. ಹೋಂವರ್ಕ್ ತರದೆ ಟೀಚರ್ ಮುಂದೆ ನಿಂತ ಹುಡುಗನ ಮುಖ ಅವನದಾಗಿತ್ತು. ವ್ಯತ್ಯಾಸವಿಷ್ಟೇ, ಇಲ್ಲಿ ಹೋಂವರ್ಕ್ ಮಾಡದವರು ಅವರು. ಹದಿನೆಂಟನೆಯ ಸುತ್ತು ಯಾವಾಗಲೋ ದಾಟಿತ್ತು.

“ಬೈದು ಬರಬೇಕಿತ್ತು,” ಎಂದಳು ಹೆಂಡತಿ ರಾತ್ರಿ ತಟ್ಟೆ ಇಡುತ್ತಾ.

“ಬೈಯೋಕೆ ಬಗ್ಗಬೇಕು ಕಣೆ. ಬಗ್ಗಿ ಬೈದ್ರೆ ಬೈದ ಹಾಗೇ ಇರಲ್ಲ.”

ಶುಕ್ರವಾರ ಹನ್ನೊಂದಕ್ಕೆ ಲೆಕ್ಕದ ಸಾಹೇಬರೇ ಫೋನು ಮಾಡಿದರು. ದನಿಯಲ್ಲಿ ಬೆಣ್ಣೆ ಇತ್ತು.

“ಪಾಪ, ನಿಮ್ಮ ಕಷ್ಟ ನೋಡಕ್ಕಾಗ್ಲಿಲ್ಲ. ನಮ್ಮದೇ ಒಂದು ಫೈನಾನ್ಸ್ ಕಂಪನಿ ಮೇಲಿನ ಮಹಡಿಯಲ್ಲಿದೆ. ಅವರು ನಿಮ್ಮ ಬಿಲ್ಲು ಕೊಳ್ತಾರೆ. ನೂರಕ್ಕೆ ಎಂಟು ಹಿಡ್ಕೊಳ್ತಾರೆ.”

“ಆ ಗುಂಡಿ?”

“ಅದು ಐದು ನಿಮಿಷದ ಕೆಲಸ.”

ಬ್ರಷ್ಷಪ್ಪ ಬೆರಳಲ್ಲಿ ಲೆಕ್ಕ ಹಾಕಿದ.

“ಅಂದ್ರೆ ನೀವು ನನಗೆ ಕೊಡಬೇಕಾದ ದುಡ್ಡನ್ನ ನೀವೇ ಎಂಟು ಸಾವಿರ ಕಡಿಮೆಗೆ ನನ್ನಿಂದ ಕೊಂಡ್ಕೊಳ್ತೀರಿ.”

“ನಾವಲ್ಲ ರೀ. ಮೇಲಿನ ಮಹಡಿಯವರು.”

ಮೂರು ದಿನ ಯಾರ ಬೆರಳಿಗೂ ಸಿಗದ ಗುಂಡಿ ನಾಲ್ಕು ನಿಮಿಷದಲ್ಲಿ ಒತ್ತಿಸಿಕೊಂಡಿತು. ತೊಂಬತ್ತೆರಡು ಸಾವಿರ ಬಂತು. ಮನೆಯ ಡಬ್ಬಿಗಳಲ್ಲಿದ್ದ ದುಡ್ಡನ್ನು ಹೆಂಡತಿ ಆಗಲೇ ಮಗಳ ಶಾಲೆಯ ಫೀಸಿಗೆ ಬಳಿದಿದ್ದಳು. ಭಾವಮೈದುನನ ಹತ್ತಿರ ಇದ್ದದ್ದು ಸಲಹೆಯೊಂದೇ.

ನಾಲ್ಕು ಗಂಟೆಗೆ ಶೆಡ್ಡಿನ ಬಾಗಿಲಲ್ಲಿ ಮಾಲೀಕ ಬೀಗ ಹಿಡಿದು ನಿಂತಿದ್ದ. ವ್ಯಾಪಾರಿ ಲಾರಿ ತಂದಿದ್ದ. ಅಕ್ಕ ನೋಟುಗಳನ್ನು ಎಣಿಸಿ ಮುಖ ಕೆಳಗೆ ಹಾಕಿದರು.

“ನಾಲ್ಕು ಸಾವಿರ ಕಡಿಮೆ ಇದೆ ಕಣೋ. ನನ್ನದಾಗಿದ್ರೆ ಬಿಟ್ಬಿಡ್ತಿದ್ದೆ.”

“ಒಂದು ವಾರ ಕೊಡಿ,” ಎಂದು ಬ್ರಷ್ಷಪ್ಪ ಮಾಲೀಕನಿಗೆ ಹೇಳಿದ. ಹೇಳುವಾಗ ತಾನು ಮತ್ತೆ ಬಗ್ಗಿರುವುದು ಗೊತ್ತಾಗಿ ಮೈಯೆಲ್ಲ ಉರಿಯಿತು; ಇಲ್ಲಿ ಕಿಟಕಿಯೂ ಇರಲಿಲ್ಲ.

“ಹನ್ನೊಂದು ತಿಂಗಳು ಕೊಟ್ಟಿದೀನಿ,” ಎಂದ ಮಾಲೀಕ. ಅದೂ ಸುಳ್ಳಲ್ಲ.

ವ್ಯಾಪಾರಿ ಯಂತ್ರವನ್ನು ಒಂದು ಸುತ್ತು ಹಾಕಿ ಬಂದ. “ಮೋಟಾರು ನನಗಿರಲಿ, ನಾಲ್ಕು ನಾನು ಕೊಡ್ತೀನಿ. ಉಳಿದದ್ದು ನೀವು ತಗೊಂಡ್ಹೋಗಿ. ಲಾರಿ ಸುಮ್ನೆ ಬಂದ ಹಾಗಾಗಬಾರದು ನೋಡಿ.”

ಬ್ರಷ್ಷಪ್ಪ ಒಪ್ಪಿದ. ಮೋಟಾರಿನ ನಾಲ್ಕು ಬೋಲ್ಟು ಬಿಚ್ಚಿದ್ದೂ ಅವನೇ. ವ್ಯಾಪಾರಿಯ ಸ್ಪ್ಯಾನರಿಗೆ ಅಳತೆ ಕೂಡಿಬರಲಿಲ್ಲ.

ಭಾನುವಾರ, ಮನೆಯ ಹಿಂದಿನ ಕೋಣೆಗೆ ತಂದ ಉದ್ದ ಯಂತ್ರಕ್ಕೆ ಮೋಟಾರಿನ ಬದಲು ಕಬ್ಬಿಣದ ಹಿಡಿಕೆ ಬೆಸೆದಾಯಿತು. ಹೆಂಡತಿ ಸೆರಗು ಸಿಕ್ಕಿಸಿ ತಿರುಗಿಸಲು ನಿಂತಳು. ಬ್ರಷ್ಷಪ್ಪ ತಂತಿಯ ನಡುವೆ ನೈಲಾನ್ ಹರಡಿದ. ಕಂಪನಿಯ ಹೊಸ ಆರ್ಡರು ಬಂದಿತ್ತು: ಒಂದೂವರೆ ಸಾವಿರ ಬ್ರಷ್ಷು, ತುರ್ತು.

“ತುರ್ತು ಅಂತೆ. ದುಡ್ಡು?” ಎಂದಳು.

“ತೊಂಬತ್ತು ದಿನ.”

ಅವಳು ಹಿಡಿಕೆ ತಿರುಗಿಸಿದಳು. ಆರನೆಯ ಬ್ರಷ್ಷಿಗೆ ಅವಳ ಭುಜ ಸೋತಿತು. ಬ್ರಷ್ಷಪ್ಪ ಎದ್ದು ಜಾಗ ಬದಲಾಯಿಸಿದ. ಹದಿಮೂರನೆಯ ಸುತ್ತಿನಲ್ಲಿ ಮಾತಾಡಿ ಲೆಕ್ಕ ತಪ್ಪಿ, ಆ ಬ್ರಷ್ಷನ್ನು ಬಿಚ್ಚಿ ಮತ್ತೆ ಮೊದಲಿಂದ ಶುರುಮಾಡಿದರು.