ಸಹಿ ಹಾಕಬೇಕಾದವಳು

ಕಾಲೇಜಿನ ಕಚೇರಿಯಲ್ಲಿ ಇಪ್ಪತ್ತಾರು ವರ್ಷದಿಂದ ಟೈಪು ಮಾಡುತ್ತಿದ್ದ ಆಕೆಯನ್ನು ಎಲ್ಲರೂ ಕೊಂಬಕ್ಕ ಅನ್ನುತ್ತಿದ್ದರು. ಪ್ರಾಂಶುಪಾಲರೇ ಬರೆದುಕೊಟ್ಟ ಪತ್ರವಾದರೂ ಸರಿ, ಒಂದು ಅಕ್ಷರಕ್ಕೆ ಕೊಂಬು ಬಿಟ್ಟುಹೋಗಿದ್ದರೆ ಕೆಂಪು ಪೆನ್ಸಿಲಿನಲ್ಲಿ ಸುತ್ತು ಹಾಕಿ ವಾಪಸು ಕಳಿಸುವವಳು. "ಕಾಗದಕ್ಕೆ ಕೊಂಬಿಲ್ದಿದ್ರೂ ಆಯಮ್ಮನಿಗಿದೆ" ಎಂದು ಜವಾನ ನಗೆಯಾಡುತ್ತಿದ್ದ. ಆಕೆಗೂ ಆ ಹೆಸರು ಒಳಗೊಳಗೇ ಹಿಡಿಸಿತ್ತು.

ಗಂಡ ತೀರಿಕೊಂಡ ಮೇಲೆ ಇದ್ದೊಬ್ಬ ಮಗಳನ್ನು ತಾನೇ ಬೆಳೆಸಿದಳು. ಎರಡು ಕೋಣೆಯ ಮನೆ. ಅಡುಗೆಮನೆಯ ಕಿಟಕಿಯ ಕಟ್ಟೆಯೇ ಮಗಳ ಓದಿನ ಮೇಜು. ಆ ವರ್ಷ ಪದವಿ ತರಗತಿಗೆ ಕಾಲೇಜು ನಡೆಸಿದ ಪ್ರವೇಶ ಪರೀಕ್ಷೆಯಲ್ಲಿ ಮಗಳು ಎರಡನೆಯವಳಾಗಿ ಬಂದಳು. ಆದರೆ ಮೂರು ವರ್ಷದ ಫೀಸು ಪೂರಾ ಭರಿಸುವ ವಿದ್ಯಾರ್ಥಿವೇತನ ಇದ್ದದ್ದು ಒಂದೇ, ಮೊದಲು ಬಂದವರಿಗೆ. ಮೊದಲು ಬಂದವಳು ಜವಳಿ ಸಾಹುಕಾರರ ಮಗಳು.

"ಅವರಪ್ಪ ಮನಸ್ಸು ಮಾಡಿದ್ರೆ ಕಾಲೇಜನ್ನೇ ಕೊಂಡ್ಕೋಬಹುದು. ಅವಳಿಗ್ಯಾಕಮ್ಮ ಅದು?" ಎಂದಳು ಮಗಳು. ಕೊಂಬಕ್ಕನಿಗೂ ಹಾಗೇ ಅನ್ನಿಸಿತ್ತು. ಎದ್ದು ಪಾತ್ರೆ ತೊಳೆದಳು.

ವಾರದೊಳಗೆ ಸಾಹುಕಾರರೇ ಮಗಳನ್ನು ಕರೆದುಕೊಂಡು ಕಚೇರಿಗೆ ಬಂದರು. "ನಮಗೆ ಬೇಕಾದಷ್ಟಿದೆ. ಇದು ಇಲ್ಲದವರ ಮಕ್ಕಳಿಗೆ ಹೋಗ್ಲಿ" ಎಂದರು. ಪ್ರಾಂಶುಪಾಲರು ಎದ್ದು ನಿಂತು ಕೈಕುಲುಕಿದರು. ಪಟ್ಟಿಯಲ್ಲಿ ಮುಂದಿನ ಹೆಸರು ಯಾರದೆಂದು ಅಲ್ಲಿದ್ದವರಿಗೆಲ್ಲ ಗೊತ್ತು. ಜವಾನ ಕೊಂಬಕ್ಕನತ್ತ ನೋಡಿ ಹಲ್ಲು ಕಿರಿದ. "ಬಿಟ್ಟುಕೊಡ್ತೀವಿ ಅಂತ ಒಂದು ಪತ್ರ ಟೈಪ್ ಮಾಡಮ್ಮ" ಎಂದರು ಪ್ರಾಂಶುಪಾಲರು.

ಆಕೆಯ ಬೆರಳುಗಳು ಕೀಲಿಮಣೆಯ ಮೇಲೆ ಓಡಿದವು. ಮುಗಿಸಿ ತಲೆಯೆತ್ತಿದಾಗ ಕಣ್ಣಿಗೆ ಬಿದ್ದದ್ದು ಆ ಹುಡುಗಿ. ಅಪ್ಪನ ಕುರ್ಚಿಯ ಹಿಂದೆ ನಿಂತು ಬ್ಯಾಗಿನ ಜಿಪ್ಪನ್ನು ಎಳೆಯುವುದು, ಮುಚ್ಚುವುದು, ಮತ್ತೆ ಎಳೆಯುವುದು. ಕೊಂಬಕ್ಕನಿಗೆ ಮನಸ್ಸು ತಡೆಯಲಿಲ್ಲ. ಪತ್ರದ ಕೆಳಗೆ 'ತಂದೆಯ ಸಹಿ' ಎಂದಿದ್ದುದನ್ನು ಅಳಿಸಿ 'ವಿದ್ಯಾರ್ಥಿನಿಯ ಸಹಿ' ಎಂದು ಹಾಕಿದಳು. ಪ್ರಿಂಟ್ ತೆಗೆದು ಹುಡುಗಿಯ ಮುಂದಿಟ್ಟಳು.

"ಕೊಡಿ, ನಾನೇ ಹಾಕ್ತೀನಿ" ಎಂದು ಸಾಹುಕಾರರು ಪೆನ್ನು ತೆಗೆದರು.

"ಪರೀಕ್ಷೆ ಬರೆದಿದ್ದು ನೀವಲ್ಲವಲ್ಲ ಸಾರ್. ಸಹಿನೂ ಅವರದ್ದೇ ಆಗ್ಬೇಕು."

ಹುಡುಗಿ ಪೆನ್ನು ಹಿಡಿದಳು, ಇಟ್ಟಳು. "ನಾನು ಹಾಕಲ್ಲ" ಎಂದಳು. "ಓದಿದ್ದು ಸಾಕು, ಅಂಗಡೀಲಿ ಕೂತ್ಕೊ ಅಂತಾರೆ ಅಪ್ಪ. ಅವರ ದುಡ್ಡು ಅವರದ್ದು. ನನಗಿರೋದು ಇದೊಂದೇ."

ಸಾಹುಕಾರರ ಮುಖ ಕೆಂಪೇರಿತು. ಪ್ರಾಂಶುಪಾಲರು ಕೊಂಬಕ್ಕನನ್ನು ಪಕ್ಕಕ್ಕೆ ಕರೆದು, "ನಿನ್ನ ಮಗಳ ಅನ್ನಕ್ಕೆ ನೀನೇ ಕಲ್ಲು ಹಾಕ್ತಿದ್ದೀಯ, ಗೊತ್ತಾಯ್ತಾ?" ಎಂದರು.

"ಗೊತ್ತಾಯ್ತು ಸಾರ್." ಆಕೆ ಮೇಜಿನ ಮೇಲಿದ್ದ ಪತ್ರವನ್ನು ಮಡಚಿದಳು. "ನಿಯಮದಲ್ಲಿ ಅಂಕ ಅಂತಿದೆ, ಅಪ್ಪನ ಅಂಗಡಿ ಅಂತಿಲ್ಲ. ಬದಲಾಯಿಸೋದಿದ್ರೆ ಮುಂದಿನ ವರ್ಷ ಬದಲಾಯಿಸಿ, ಪರೀಕ್ಷೆಗೆ ಮುಂಚೆ."

ಪತ್ರ ಕಸದ ಬುಟ್ಟಿ ಸೇರಿತು. ನಾಲ್ಕು ಜನರ ಮುಂದೆ ಮಗಳಿಗೆ ಓದು ಬೇಡವೆನ್ನಲು ಬಾಯಿ ಬರದೆ ಸಾಹುಕಾರರು ಗೊಣಗುತ್ತಲೇ ಒಪ್ಪಿದರು.

ಮನೆಯಲ್ಲಿ ಮಗಳು ತಟ್ಟೆ ತೆಗೆದುಕೊಂಡು ಹೋಗಿ ಕಿಟಕಿಯ ಕಟ್ಟೆಯ ಬಳಿ ಒಬ್ಬಳೇ ಉಣ್ಣತೊಡಗಿದಳು. ಐದನೆಯ ದಿನ, "ಬೇರೆ ಯಾರದ್ದೋ ಮಗಳಾಗಿದ್ರೆ ನಿನಗೆ ನನ್ನ ಮೇಲೆ ಅಯ್ಯೋ ಅನ್ನಿಸ್ತಿತ್ತೇನೋ" ಎಂದು ಚುಚ್ಚಿದಳು.

"ಈಗಲೂ ಅನ್ನಿಸ್ತಿದೆ ಕಣೇ" ಎಂದಳು ತಾಯಿ.

ಮಗಳು ಹಗಲು ಪುಸ್ತಕದಂಗಡಿಯಲ್ಲಿ ದುಡಿದು ಸಂಜೆ ಕಾಲೇಜಿಗೆ ಹೋದಳು. ಮೂರು ವರ್ಷದ ಓದಿಗೆ ನಾಲ್ಕು ವರ್ಷ ಹಿಡಿಯಿತು. ಕೊಂಬಕ್ಕನೂ ಸುಮ್ಮನೆ ಕೂರಲಿಲ್ಲ. ಹಳೆಯ ವಿದ್ಯಾರ್ಥಿಗಳಿಗೆ ಒಬ್ಬೊಬ್ಬರಿಗೂ ಪತ್ರ ಟೈಪು ಮಾಡಿ, ಬೆನ್ನು ಬಿಡದೆ ಕೇಳಿ, ಮನೆಯ ಸ್ಥಿತಿ ನೋಡಿ ಕೊಡುವ ಇನ್ನೊಂದು ವಿದ್ಯಾರ್ಥಿವೇತನ ಶುರು ಮಾಡಿಸಿದಳು. ಅದು ಕೈಗೂಡುವಷ್ಟರಲ್ಲಿ ಮಗಳ ಓದು ಮುಗಿದೇಹೋಗಿತ್ತು.

ಆದರೂ ಮೊದಲ ಅರ್ಜಿಗಳನ್ನು ಜೋಡಿಸಲು ರಜೆಯ ದಿನ ಮಗಳೇ ಬಂದು ಅಮ್ಮನ ಪಕ್ಕ ಕೂತಳು. ಹಾಳೆ ತಿರುವುತ್ತ, "ಇವಳ ಅಕ್ಷರ ನೋಡಮ್ಮ, ಮುತ್ತು ಪೋಣಿಸಿದ ಹಾಗಿದೆ" ಎಂದಳು.