ಮೊದಲ ಹನಿ ನೀರು

ಉದ್ಯಮಬಾಗದ ನಮ್ಮ ಸಣ್ಣ ಕಂಪನಿಯಲ್ಲಿ ಯಂತ್ರದ ಎಣ್ಣೆ ಎಷ್ಟು ಮಂದವಿದೆ ಎಂದು ಹೇಳುವ ಉಪಕರಣ ತಯಾರಾಗುತ್ತದೆ. ಅದರ ಜೀವವೆಲ್ಲ ಉಗುರಿನಷ್ಟಗಲದ ಒಂದು ಹರಳಿನ ಬಿಲ್ಲೆಯಲ್ಲಿದೆ. ಕಿವಿಗೆ ಕೇಳದ ಸದ್ದಿನ ಅಲೆ ಆ ಬಿಲ್ಲೆಯ ಮೈ ಸವರಿಕೊಂಡು ಈ ತುದಿಯಿಂದ ಆ ತುದಿಗೆ ಓಡುತ್ತದೆ. ದಾರಿಯಲ್ಲಿ ಒಂದು ಹನಿ ಇಟ್ಟರೆ ಅಲೆ ಸೊರಗುತ್ತದೆ. ಹನಿ ಮಂದವಾದಷ್ಟೂ ಹೆಚ್ಚು ಸೊರಗುತ್ತದೆ. ಸಂಜೆ ಬಸ್ಸಿನಲ್ಲಿ ನಿಂತು ಪೀರನವಾಡಿ, ಮಚ್ಛೆ ದಾಟಿ ಖಾನಾಪುರ ಮುಟ್ಟುವಷ್ಟರಲ್ಲಿ ನನ್ನ ಸ್ಥಿತಿಯೂ ಹೆಚ್ಚುಕಡಿಮೆ ಅದೇ.

ಮನೆಯಲ್ಲಿ ಅಪ್ಪ. ಲಕ್ವಾ ಹೊಡೆದ ಮೇಲೆ ಅವರಿಗೆ ನೀರು ನುಂಗಲು ಬರುವುದಿಲ್ಲ. “ನೀರು ಬ್ಯಾಡ್ರಿ, ತೆಳ್ಳಂದು ಪುಪ್ಪಸಕ್ಕ ಇಳೀತೈತಿ. ಬಾಯಿ ಒದ್ದಿ ಮಾಡ್ರಿ ಸಾಕು. ಕುಡಸೂದು ಜೇನತುಪ್ಪದಷ್ಟು ಮಂದ ಇರಬೇಕು” ಎಂದಿದ್ದರು ಡಾಕ್ಟರ್. ಯಾವ ಜೇನುತುಪ್ಪ, ಚಳಿಗಾಲದ್ದೋ ಬೇಸಿಗೆಯದ್ದೋ? ಹಗಲು ಅವ್ವ ನೋಡಿಕೊಳ್ಳುತ್ತಾಳೆ, ಸಂಜೆ ನನ್ನ ಪಾಳಿ. ಗಂಜಿ ತೆಳ್ಳಗಾದರೆ ಅಪ್ಪ ಮುಖ ಕೆಂಪಾಗುವಂತೆ ಕೆಮ್ಮುತ್ತಾರೆ, ಗಟ್ಟಿಯಾದರೆ ಚಮಚ ತಳ್ಳುತ್ತಾರೆ. ನನಗಂತೂ ಸಾಕಾಗಿ ಹೋಗಿತ್ತು.

ಕೊನೆಗೆ ಒಂದು ಭಾನುವಾರಕ್ಕೆಂದು ಸಾಹೇಬರನ್ನು ಕೇಳಿ ಹಳೆಯದೊಂದು ಉಪಕರಣವನ್ನು ಮನೆಗೆ ತಂದೆ. ಅದು ಎಣ್ಣೆಗೆ ಮಾಡಿದ್ದು, ಹಿಟ್ಟಿನ ಗಂಜಿಗಲ್ಲ ಎಂದು ನನಗೆ ಗೊತ್ತಿತ್ತು. ಆದರೂ ಅಪ್ಪ ಕೆಮ್ಮದೆ ಕುಡಿದ ಗಂಜಿಯ ಅಳತೆ ಒಮ್ಮೆ ಸಿಕ್ಕರೆ, ದಿನಾ ಅಂದಾಜಿನ ಮೇಲೆ ಹೆದರುವುದು ತಪ್ಪುತ್ತದೆ ಎಂಬ ಆಸೆ.

ಗಂಜಿ ಕಾಸಿ ತಂದೆ. ಏನನ್ನೇ ಅಳೆಯುವ ಮೊದಲು ಬಿಲ್ಲೆಯ ಮೇಲೆ ಭಟ್ಟಿ ಇಳಿಸಿದ ಶುದ್ಧ ನೀರಿನ ಒಂದು ಹನಿ ಬಿಟ್ಟು, ಉಳಿದದ್ದನ್ನು ಅದಕ್ಕೆ ಹೋಲಿಸುವುದು ನಮ್ಮ ಕೆಲಸದ ಪದ್ಧತಿ. ಕಂಪನಿಯಿಂದಲೇ ತಂದಿದ್ದ ಆ ನೀರಿನ ಬಾಟಲಿಯಿಂದ ಒಂದು ಹನಿ ಬಿಟ್ಟೆ. ಅಪ್ಪ ಕುರ್ಚಿಯಲ್ಲಿ ಕೂತು ನೋಡುತ್ತಿದ್ದರು.

“ಅದಕ್ಕ ಮೊದ್ಲ ನೀರ ಕುಡಸ್ತೀ?” ಎಂದರು, ತೊದಲುತ್ತ.

“ಹೂಂ ಅಪ್ಪಾ. ನೀರಿನ ಮ್ಯಾಲೇ ಉಳದದ್ದೆಲ್ಲ ತಿಳಿಯೂದು.”

“ಮತ್ತ ನನಗ್ಯಾಕ ಗಂಜೀಲೆ ಸುರು ಮಾಡ್ತೀಯವ್ವಾ?”

ನನಗೆ ಸಿಟ್ಟೇ ಬಂತು. ಉಪಕರಣದ ಭಾರದ ಚೀಲ ಹೊತ್ತು ಬಸ್ಸಿನಲ್ಲಿ ಒದ್ದಾಡಿದ್ದು ಯಾರಿಗಾಗಿ? ಆಮೇಲೆ ಅವರ ತುಟಿ ನೋಡಿದೆ, ಒಣಗಿ ಬಿರಿದಿತ್ತು. ತೊಳೆದ ಡ್ರಾಪರಿನಲ್ಲಿ ಅದೇ ಬಾಟಲಿಯ ನೀರು ತೆಗೆದು ಒಂದು ಹನಿಯನ್ನು ಅವರ ನಾಲಿಗೆಗೆ ಸವರಿದೆ. ಅಪ್ಪ ಮುಖ ಕಿವುಚಿದರು.

“ಸಪ್ಪಗೈತಿ. ನಮ್ಮ ಬಾವೀದು ತಾ.”

ನಗಬೇಕೋ ಅಳಬೇಕೋ ತಿಳಿಯಲಿಲ್ಲ. ಅಡುಗೆಮನೆಯ ಕೊಡದಿಂದ ಬಾವಿ ನೀರು ತಂದು ಒಂದೇ ಹನಿ ಬಿಟ್ಟೆ. ಅಪ್ಪ ಬಾಯಿ ಮುಚ್ಚಿ, ಕಣ್ಣೂ ಮುಚ್ಚಿ, ಅದನ್ನು ಹಾಗೇ ಇಟ್ಟುಕೊಂಡು ಕೂತರು. ಕೆಮ್ಮು ಈಗ ಬಂತು ಆಗ ಬಂತು ಎಂದು ಉಸಿರು ಹಿಡಿದು ಕಾದೆ. ಬರಲಿಲ್ಲ.

ಅಷ್ಟರಲ್ಲಿ ಗಂಜಿ ಆರಿ ಕೆನೆಗಟ್ಟಿತ್ತು. ಆರಿದ ಗಂಜಿಯ ಮಂದವೇ ಬೇರೆ, ಇನ್ನು ಅದರ ಅಳತೆ ತೆಗೆದೂ ಉಪಯೋಗವಿರಲಿಲ್ಲ. ಕಾಲೆಳೆದುಕೊಂಡು ಹೋಗಿ ಮತ್ತೆ ಬಿಸಿ ಮಾಡಿ ತಂದೆ. ಬಿಲ್ಲೆ ಒರೆಸಿ, ಡ್ರಾಪರಿನಲ್ಲಿ ಬಾವಿ ನೀರು ತೆಗೆದುಕೊಂಡೆ. ಈ ಸಲ ಮೊದಲ ಹನಿಯನ್ನು ಅಪ್ಪನಿಗೆ ಬಿಟ್ಟೆ.